ಶಿಶುವಿಹಾರದ ಹಳದಿ ಬಣ್ಣ ಮತ್ತು ಮಗುವಿನ ರಕ್ತದಲ್ಲಿನ ಸೀಸ

ಪ್ರಶ್ನೆ: ನನ್ನ ಮಗಳಿಗೆ ಮೂರೂವರೆ ವರ್ಷ. ನಾವು ಬೆಂಗಳೂರಿನ ಕೈಗಾರಿಕಾ ಪ್ರದೇಶವೊಂದರ ಸಮೀಪ ವಾಸವಾಗಿದ್ದೇವೆ. ಅವಳು ಹೋಗುವ ಶಿಶುವಿಹಾರ ಹಳೆಯ ಬಾಡಿಗೆ ಮನೆಯೊಂದರಲ್ಲಿದೆ. ಮೂರು ತಿಂಗಳ ಹಿಂದೆ ಅಲ್ಲಿನ ಕಿಟಕಿಯ ಸರಳು, ಗೇಟು, ಜಾರುಬಂಡೆಗಳ ಹಳೆಯ ಬಣ್ಣವನ್ನು ಕೆರೆದು ಹೊಸದಾಗಿ ಹಳದಿ ಮತ್ತು ಕಿತ್ತಳೆ ಬಣ್ಣ ಬಳಿದರು. ಆ ದಿನಗಳಲ್ಲೂ ತರಗತಿಗಳು ನಡೆದವು. ನನ್ನ ಪತಿ ವಾಹನಗಳ ಬ್ಯಾಟರಿ ದುರಸ್ತಿ ಮಾಡುವ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಚೀನಾದ ಶಿಶುವಿಹಾರವೊಂದರ ಮಕ್ಕಳಿಗೆ ಸೀಸದ ವಿಷವೇರಿದ ಸುದ್ದಿ ಓದಿ ಭಯವಾಗಿ ಮಗಳ ರಕ್ತ ಪರೀಕ್ಷೆ ಮಾಡಿಸಿದೆವು. ಸೀಸ ಡೆಸಿಲೀಟರಿಗೆ 8.2 ಮೈಕ್ರೋಗ್ರಾಂ, ಹಿಮೋಗ್ಲೋಬಿನ್ 9.8 ಗ್ರಾಂ ಎಂದು ಬಂದಿದೆ. ಒಬ್ಬ ವೈದ್ಯರು ‘ಹತ್ತಕ್ಕಿಂತ ಕಡಿಮೆ ಇದೆ, ಚಿಂತೆ ಬೇಡ’ ಎಂದರು. ಪರಿಚಿತರೊಬ್ಬರು ವಿಷ ಇಳಿಸುವ ಪುಡಿಯೊಂದನ್ನು ಕೊಡಿಸಲು ಹೇಳುತ್ತಿದ್ದಾರೆ. ಮಗಳು ಬಳಪ ತಿನ್ನುತ್ತಾಳೆ. ಶಾಲೆ ಬಿಡಿಸಬೇಕೇ? ಔಷಧಿ ಕೊಡಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಉತ್ತರಕ್ಕೆ ಬೇಕಾದ ವಿವರಗಳು ಬಹುಪಾಲು ಇವೆ. ಈ ತೊಂದರೆಯಲ್ಲಿ ವೈದ್ಯರಿಗೆ ರಕ್ತದ ಅಂಕಿಯಷ್ಟೇ ಅಗತ್ಯವಾದದ್ದು ಮಗು ಎಲ್ಲಿ ಕೂರುತ್ತದೆ, ಏನನ್ನು ಮುಟ್ಟುತ್ತದೆ, ಏನನ್ನು ಬಾಯಿಗಿಡುತ್ತದೆ ಎಂಬ ಮಾಹಿತಿ. ಅದನ್ನು ನೀವು ಕೇಳುವ ಮೊದಲೇ ಕೊಟ್ಟಿದ್ದೀರಿ.

ಮೊದಲು 8.2 ಎಂಬ ಅಂಕಿಯನ್ನು ಸರಿಯಾಗಿ ಓದೋಣ. ನಿಮ್ಮ ವೈದ್ಯರು ಹೇಳಿದ ಹತ್ತರ ಗಡಿ ಅವರು ಕಲ್ಪಿಸಿಕೊಂಡದ್ದಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 1991ರಲ್ಲಿ ಅದನ್ನೇ ಎಚ್ಚರಿಕೆಯ ಮಟ್ಟವಾಗಿ ಇಟ್ಟಿತ್ತು ಮತ್ತು ಬಹಳ ವರ್ಷ ನಮ್ಮ ವೈದ್ಯಕೀಯ ಶಿಕ್ಷಣದಲ್ಲೂ ಅದೇ ಸಂಖ್ಯೆ ನಿಂತಿತ್ತು. ಆದರೆ ಆ ಗಡಿ 2012ರಲ್ಲಿ 5ಕ್ಕೂ 2021ರಲ್ಲಿ 3.5ಕ್ಕೂ ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ರಕ್ತದಲ್ಲಿ 5 ಅಥವಾ ಅದಕ್ಕಿಂತ ಹೆಚ್ಚು ಸೀಸ ಕಂಡರೆ ಅದರ ಮೂಲವನ್ನು ಪತ್ತೆಹಚ್ಚಿ ಸಂಪರ್ಕ ತಪ್ಪಿಸಬೇಕೆಂದು ಹೇಳುತ್ತದೆ. ಹಾಗಾಗಿ ‘ಚಿಂತೆ ಬೇಡ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಾಗೆಂದು ಇದು ಮಗುವನ್ನು ರಾತ್ರೋರಾತ್ರಿ ಆಸ್ಪತ್ರೆಗೆ ಸೇರಿಸಬೇಕಾದ ಮಟ್ಟವೂ ಅಲ್ಲ. ಮಿದುಳು ಊದಿಕೊಂಡು ಸೆಳವು ಬರುವಂಥ ತೀವ್ರ ಸೀಸವಿಷ ಇದಕ್ಕಿಂತ ಹಲವು ಪಟ್ಟು ಹೆಚ್ಚಿನ ಮಟ್ಟಗಳಲ್ಲಿ ಕಾಣಿಸಿಕೊಳ್ಳುವ ಸ್ಥಿತಿ. ಒಂದು ಕಿವಿಮಾತು: ಕೆಲವು ಪ್ರಯೋಗಾಲಯಗಳು ಫಲಿತಾಂಶವನ್ನು ಲೀಟರ್ ಲೆಕ್ಕದಲ್ಲಿ ಕೊಡುತ್ತವೆ. ಆಗ ಇದೇ ಪ್ರಮಾಣ 82 ಎಂದು ಮುದ್ರಿತವಾಗಿರುತ್ತದೆ. ಮುಂದಿನ ವರದಿಯಲ್ಲಿ ಅಂಕಿಯ ಪಕ್ಕದಲ್ಲಿರುವ ಮಾನವನ್ನು ನೋಡದೆ ಗಾಬರಿಯಾಗಬೇಡಿ, ನಿರಾಳವೂ ಆಗಬೇಡಿ.

ಗಡಿ ಏಕೆ ಇಳಿಯುತ್ತ ಬಂತು ಎಂಬುದು ನಿಮಗೆ ತಿಳಿದಿರಬೇಕು. ಹಲವು ದೇಶಗಳ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ರಕ್ತದ ಸೀಸ 2.4ರಿಂದ 10ಕ್ಕೆ ಏರುವಾಗ ಬುದ್ಧಿಸೂಚ್ಯಂಕ ಸರಾಸರಿ 3.9 ಅಂಶ ಕುಸಿದಿತ್ತು. 10ರಿಂದ 20ಕ್ಕೆ ಏರುವಾಗ ಇನ್ನೂ 1.9 ಅಂಶ, 20ರಿಂದ 30ಕ್ಕೆ ಏರುವಾಗ ಮತ್ತೆ 1.1 ಅಂಶ. ಅಂದರೆ ಮೊದಲ ಮೆಟ್ಟಿಲುಗಳಲ್ಲೇ ಹಾನಿ ಹೆಚ್ಚು. ಇಷ್ಟರವರೆಗೆ ಸುರಕ್ಷಿತ ಎಂದು ಹೇಳಬಹುದಾದ ಮಟ್ಟವೇ ಸೀಸಕ್ಕೆ ಇಲ್ಲ ಎಂದು ತಜ್ಞರು ಹೇಳುವುದಕ್ಕೆ ಕಾರಣ ಇದು. ಆದರೆ ತಾಯಿಯಾಗಿ ನೀವು ಈ ಲೆಕ್ಕವನ್ನು ನಿಮ್ಮ ಮಗಳ ಹಣೆಬರಹವೆಂದು ಓದಬಾರದು. ಇವು ಸಾವಿರಕ್ಕೂ ಹೆಚ್ಚು ಮಕ್ಕಳ ಸರಾಸರಿಗಳು. ಒಂದು ಮಗುವಿನ ಕಲಿಕೆಯಲ್ಲಿ ಮಾತು, ಆಟ, ನಿದ್ದೆ, ಊಟ, ಮನೆಯವರ ಒಡನಾಟ ಎಲ್ಲವೂ ಸೇರಿರುತ್ತವೆ. ಅವುಗಳಲ್ಲಿ ಬಹುಪಾಲು ನಿಮ್ಮ ಕೈಯಲ್ಲೇ ಇವೆ.

ಒಂದೇ ಕೋಣೆಯಲ್ಲಿ ಕುಳಿತ ಶಿಕ್ಷಕಿಗಿಂತ ಮಗುವಿನ ಮೈಗೆ ಸೀಸ ಹೆಚ್ಚು ಸೇರುತ್ತದೆ. ನುಂಗಿದ ಸೀಸದಲ್ಲಿ ದೊಡ್ಡವರ ಕರುಳು ಸುಮಾರು ಹತ್ತನೇ ಒಂದು ಭಾಗವನ್ನು ಹೀರಿಕೊಂಡರೆ, ಎಳೆಯ ಮಕ್ಕಳ ಕರುಳು ಹತ್ತಿರ ಹತ್ತಿರ ಅರ್ಧದಷ್ಟನ್ನು ಹೀರಿಕೊಳ್ಳಬಲ್ಲದು. ಸೀಸ ದೇಹದಲ್ಲಿ ಸುಣ್ಣದಂಶದ ವೇಷ ಹಾಕಿಕೊಂಡು ಓಡಾಡುತ್ತದೆ. ಸುಣ್ಣದಂಶ ಹೋಗುವ ದಾರಿಗಳಲ್ಲೇ ಎಲುಬಿಗೂ ಮಿದುಳಿಗೂ ಇಳಿಯುತ್ತದೆ. ಕಬ್ಬಿಣಾಂಶದ ಕೊರತೆ ಇದ್ದಾಗ ಕರುಳು ಕಬ್ಬಿಣಕ್ಕಾಗಿ ತನ್ನ ಬಾಗಿಲುಗಳನ್ನು ಇನ್ನಷ್ಟು ತೆರೆದಿಡುತ್ತದೆ, ಆ ಬಾಗಿಲಿನಿಂದ ಸೀಸವೂ ಒಳಬರುತ್ತದೆ. ನಿಮ್ಮ ಮಗಳ ಹಿಮೋಗ್ಲೋಬಿನ್ 9.8 ಎಂದಿರುವುದರಿಂದ ನನಗೆ ಇದು ಮುಖ್ಯ. ಈ ವಯಸ್ಸಿಗೆ ಕನಿಷ್ಠ 11 ಇರಬೇಕು. ಸೀಸವೂ ರಕ್ತಹೀನತೆ ತರುತ್ತದೆ ಎಂದು ನೀವು ಓದಿರಬಹುದು, ಅದು ನಿಜ. ಆದರೆ 8.2ರ ಮಟ್ಟದಲ್ಲಿ ಸೀಸವೊಂದೇ ಇಷ್ಟು ರಕ್ತಹೀನತೆ ತರುವ ಸಾಧ್ಯತೆ ತೀರ ಕಡಿಮೆ. ಇದು ಬಹುತೇಕ ಕಬ್ಬಿಣಾಂಶದ ಕೊರತೆಯೇ ಇರಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ನಮ್ಮ ಅಂಗನವಾಡಿಗಳಲ್ಲಿ, ಶಿಶುವಿಹಾರಗಳಲ್ಲಿ ಕುಳಿತಿರುವ ಮೂರು ಮಕ್ಕಳಲ್ಲಿ ಇಬ್ಬರ ಕರುಳು ಸೀಸಕ್ಕೆ ಬಾಗಿಲು ತೆರೆದುಕೊಂಡಿರಬಹುದು ಎಂದು ಇದರ ಅರ್ಥ. ಕಬ್ಬಿಣದ ಕೊರತೆಯನ್ನೂ ಸೀಸವನ್ನೂ ಬೇರೆ ಬೇರೆ ಸಮಸ್ಯೆಗಳೆಂದು ನೋಡುವ ನಮ್ಮ ವಾಡಿಕೆ ಬದಲಾಗಬೇಕೆಂದು ನಾನು ಬಹುಕಾಲದಿಂದ ನಂಬಿದ್ದೇನೆ.

ಬಳಪ ತಿನ್ನುವುದನ್ನು ಹಿರಿಯರು ‘ಮಕ್ಕಳ ಚಟ’ ಎಂದು ನಕ್ಕು ಬಿಡುತ್ತಾರೆ. ಬಳಪ, ಮಣ್ಣು, ಗೋಡೆಯ ಸುಣ್ಣ ತಿನ್ನುವ ಹಂಬಲ ಹಲವು ಬಾರಿ ಕಬ್ಬಿಣಾಂಶದ ಕೊರತೆಯ ಗುರುತು. ಇಲ್ಲಿ ಬಳಪಕ್ಕಿಂತ ಹೆಚ್ಚು ಚಿಂತೆಯ ವಿಷಯವೆಂದರೆ, ಬಳಪ ಬಾಯಿಗಿಡುವ ಮಗು ಕಿಟಕಿಯ ಸರಳನ್ನೂ ಕಚ್ಚುತ್ತದೆ, ನೆಲದ ಮೇಲೆ ಬಿದ್ದ ಬಣ್ಣದ ಚಕ್ಕೆಯನ್ನೂ ನಾಲಗೆಗೆ ಇಟ್ಟು ನೋಡುತ್ತದೆ.

ಈಗ ಬಣ್ಣದ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ‘ಕೆರೆದು’ ಎಂಬ ಒಂದು ಪದ. ಮನೆಯ ಬಣ್ಣದಿಂದ ಮಕ್ಕಳಿಗೆ ಸೀಸದ ವಿಷವೇರುತ್ತದೆ ಎಂಬುದನ್ನು ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ನೇತ್ರವೈದ್ಯ ಲಾಕ್‌ಹಾರ್ಟ್ ಗಿಬ್ಸನ್ 1904ರಲ್ಲೇ ಗುರುತಿಸಿದ್ದರು. ಬಿಸಿಲಿಗೆ ಒಣಗಿ ಪುಡಿಪುಡಿಯಾದ ಜಗಲಿಯ ಕಂಬಿಗಳ ಬಣ್ಣ ಮಕ್ಕಳ ಕೈಗಂಟಿ, ಬೆರಳು ಚೀಪುವಾಗ ಹೊಟ್ಟೆ ಸೇರುತ್ತಿತ್ತು. ಅದಾಗಿ ಒಂದು ಶತಮಾನ ಕಳೆದ ಮೇಲೆ ನಮ್ಮಲ್ಲಿ ಕಾನೂನು ಬಂತು. 2016ರಲ್ಲಿ ರೂಪಿಸಿ 2017ರ ನವೆಂಬರ್ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮದ ಪ್ರಕಾರ ಗೃಹಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರುವಂತಿಲ್ಲ, ಮತ್ತು ಅದನ್ನು ಡಬ್ಬಿಯ ಮೇಲೆ ನಮೂದಿಸಬೇಕು. ಇದು ಒಳ್ಳೆಯ ನಿಯಮ. ಆದರೆ ಅದು ಕೈಗಾರಿಕಾ ಬಳಕೆಯ ಬಣ್ಣಗಳಿಗೆ ಅನ್ವಯಿಸುವುದಿಲ್ಲ. ಶಿಶುವಿಹಾರದ ಗೋಡೆಗೆ ಬಳಿಯುವ ಡಿಸ್ಟೆಂಪರ್ ಅಥವಾ ನೀರು ಬೆರೆಸುವ ಎಮಲ್ಷನ್‌ಗಳಲ್ಲಿ ಸಾಮಾನ್ಯವಾಗಿ ಸೀಸದ ತೊಂದರೆ ಕಡಿಮೆ. ಗೇಟು, ಸರಳು, ಜಾರುಬಂಡೆ, ಉಯ್ಯಾಲೆಯ ಕಂಬಗಳಿಗೆ ವೆಲ್ಡಿಂಗ್ ಅಂಗಡಿಯವರು ತುಕ್ಕು ಹಿಡಿಯದಂತೆ ಬಳಿಯುವ ಎನಾಮೆಲ್ ಮತ್ತು ಪ್ರೈಮರ್‌ಗಳಲ್ಲಿ ಅದು ಹೆಚ್ಚು. ಹೊಳೆಯುವ ಹಳದಿ, ಕಿತ್ತಳೆಗಳಲ್ಲಿ ಸೀಸದ ಕ್ರೋಮೇಟ್ ಎಂಬ ವರ್ಣದ್ರವ್ಯ ಇರುವ ಸಂಭವ ಉಂಟು. ಹೀಗೆ ಮಕ್ಕಳ ಕೈ, ತುಟಿ, ಹಲ್ಲು ತಾಗುವ ಜಾಗಗಳಿಗೇ ಅಪಾಯದ ಬಣ್ಣ ಬಂದು ಕೂರುತ್ತದೆ.

ಪ್ರಮಾಣದ ಅಂದಾಜಿಗೆ ಒಂದು ಲೆಕ್ಕ ಮಾಡೋಣ. ಶೇ 1ರಷ್ಟು ಸೀಸವಿರುವ ಹಳೆಯ ಎನಾಮೆಲ್‌ನ 100 ಮಿಲಿಗ್ರಾಂ ಚಕ್ಕೆಯಲ್ಲಿ, ಅಂದರೆ ಮೂರು ನಾಲ್ಕು ಅಕ್ಕಿಕಾಳಿನಷ್ಟು ತೂಕದ ಚೂರಿನಲ್ಲಿ, 1000 ಮೈಕ್ರೋಗ್ರಾಂ ಸೀಸವಿರುತ್ತದೆ. ಮಗು ದಿನವೊಂದಕ್ಕೆ ಆಹಾರದ ಮೂಲಕ ಸೇವಿಸುವ ಸೀಸ 2.2 ಮೈಕ್ರೋಗ್ರಾಂ ಮೀರಬಾರದು ಎಂಬ ಲೆಕ್ಕವನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇಟ್ಟುಕೊಂಡಿದೆ. ಬಣ್ಣದಲ್ಲಿರುವ ಸೀಸವೆಲ್ಲ ಕರುಳಿನಲ್ಲಿ ಕರಗುವುದಿಲ್ಲ ಎಂಬುದನ್ನು ಒಪ್ಪಿದರೂ, ಆ ಒಂದು ಚೂರು ಒಂದು ವರ್ಷಕ್ಕೂ ಮೀರಿದ ಪಾಲನ್ನು ಹೊತ್ತಿರುತ್ತದೆ. 90ರ ಮಿತಿಯೊಳಗಿನ ಬಣ್ಣದ ಅಷ್ಟೇ ಚೂರಿನಲ್ಲಿ ಇರುವುದು 9 ಮೈಕ್ರೋಗ್ರಾಂ ಮಾತ್ರ.

ಚಕ್ಕೆಗಿಂತಲೂ ದೂಳು ಕೆಟ್ಟದ್ದು. ಗಟ್ಟಿಯಾಗಿ ಅಂಟಿಕೊಂಡಿರುವ ಹಳೆಯ ಬಣ್ಣ ತನ್ನ ಪಾಡಿಗೆ ತಾನಿದ್ದರೆ ಹೆಚ್ಚು ಹಾನಿ ಮಾಡದು. ಅದನ್ನು ಒಣಗಿದ್ದಂತೆಯೇ ಮರಳುಕಾಗದದಲ್ಲಿ ಉಜ್ಜಿದಾಗ ಕಣ್ಣಿಗೆ ಕಾಣದ ಪುಡಿ ಹಾರಿ ಚಾಪೆ, ಗೊಂಬೆ, ಮಲಗುವ ಹಾಸು, ಊಟದ ತಟ್ಟೆಗಳ ಮೇಲೆ ಕೂರುತ್ತದೆ. ಕಸಪೊರಕೆಯಿಂದ ಗುಡಿಸಿದರೆ ಮತ್ತೆ ಏಳುತ್ತದೆ. ತರಗತಿ ನಡೆಯುತ್ತಿದ್ದಾಗಲೇ ಕೆರೆದರು ಎಂಬುದರಿಂದ, ನಿಮ್ಮ ಮಗಳು ಮಾತ್ರವಲ್ಲ, ಆ ದಿನಗಳಲ್ಲಿ ಅಲ್ಲಿದ್ದ ಪ್ರತಿಯೊಂದು ಮಗುವೂ ಆ ದೂಳಿನ ನಡುವೆ ಕುಳಿತಿತ್ತು ಎಂದು ಭಾವಿಸಬೇಕಾಗುತ್ತದೆ. ಹಳೆಯ ಮನೆಯ ಕೆಂಪು ನೆಲದ ಬಗ್ಗೆ ಅನೇಕರು ಕೇಳುತ್ತಾರೆ. ರೆಡ್ ಆಕ್ಸೈಡ್ ಎಂದು ನಾವು ಕರೆಯುವ ಆ ಬಣ್ಣ ಕಬ್ಬಿಣದ ಆಕ್ಸೈಡ್, ಸೀಸದ್ದಲ್ಲ. ಆ ನೆಲಕ್ಕೆ ಹೆದರಬೇಕಿಲ್ಲ. ಒದ್ದೆ ಬಟ್ಟೆಯಿಂದ ಒರೆಸಲು ಅದಕ್ಕಿಂತ ಅನುಕೂಲವಾದ ನೆಲ ಇನ್ನೊಂದಿಲ್ಲ.

ಇಷ್ಟೆಲ್ಲ ಬರೆದರೂ ಶಾಲೆಯೇ ಕಾರಣ ಎಂದು ನಾನು ಈಗಲೇ ಹೇಳಲಾರೆ. ನಿಮ್ಮ ಮನೆಯಲ್ಲಿ ಇನ್ನೊಂದು ಬಲವಾದ ಮೂಲವಿರುವ ಸಾಧ್ಯತೆ ಇದೆ. ಜಗತ್ತಿನಲ್ಲಿ ಬಳಕೆಯಾಗುವ ಸೀಸದ ಬಹುದೊಡ್ಡ ಪಾಲು ಬ್ಯಾಟರಿಗಳಿಗೇ ಹೋಗುತ್ತದೆ. ಬ್ಯಾಟರಿ ಒಡೆದು, ತಟ್ಟೆಗಳನ್ನು ತೆಗೆದು, ಬೆಸುಗೆ ಹಾಕುವವರ ಬಟ್ಟೆ, ಕೂದಲು, ಚಪ್ಪಲಿ, ಉಗುರಿನ ಸಂದಿಗಳಲ್ಲಿ ಸೀಸದ ಪುಡಿ ಮನೆಗೆ ಬರುತ್ತದೆ. ಸಂಜೆ ಬಾಗಿಲಿಗೆ ಓಡಿಬಂದು ಅಪ್ಪನನ್ನು ತಬ್ಬಿಕೊಳ್ಳುವ ಮಗುವಿನ ಕೆನ್ನೆಗೆ ಮೊದಲು ತಾಗುವುದು ಅದೇ ಅಂಗಿ. ಇದರಲ್ಲಿ ನಿಮ್ಮ ಪತಿಯ ತಪ್ಪೇನೂ ಇಲ್ಲ. ಕೆಲಸದ ಜಾಗದಲ್ಲಿ ಪ್ರತ್ಯೇಕ ಬಟ್ಟೆ, ಸ್ನಾನದ ಸೌಲಭ್ಯ ಕೊಡಬೇಕಾದದ್ದು ಮಾಲೀಕರ ಕರ್ತವ್ಯ. ಅದು ಸಿಗುವವರೆಗೆ ಅವರು ಅಂಗಡಿಯಲ್ಲೇ ಬಟ್ಟೆ ಬದಲಿಸಿ, ಚಪ್ಪಲಿಯನ್ನು ಹೊರಗೆ ಬಿಟ್ಟು, ಸೋಪು ಹಚ್ಚಿ ತಲೆ ತೊಳೆದುಕೊಂಡ ಮೇಲೆಯೇ ಮಗುವನ್ನು ಎತ್ತಿಕೊಳ್ಳಲಿ. ಆ ಬಟ್ಟೆಗಳನ್ನು ಮನೆಯ ಬಟ್ಟೆಗಳೊಂದಿಗೆ ನೆನೆಹಾಕಬೇಡಿ. ಮಗುವನ್ನು ಶಾಲೆಗೆ ಬಿಡುವುದು ಅವರದೇ ಸ್ಕೂಟರಿನಲ್ಲಾದರೆ ಅದರ ಆಸನವನ್ನೂ ಹಿಡಿಕೆಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ. ಅವರ ರಕ್ತದ ಪರೀಕ್ಷೆಯೂ ಆಗಬೇಕು, ಮನೆಯಲ್ಲಿ ಇನ್ನೊಂದು ಮಗು ಇದ್ದರೆ ಅದರದ್ದೂ, ನೀವು ಗರ್ಭಿಣಿಯಾಗಿದ್ದರೆ ನಿಮ್ಮದೂ. ಹಿಂದೆ ಎಲುಬಿನಲ್ಲಿ ಕೂತ ಸೀಸ ಗರ್ಭಾವಸ್ಥೆಯಲ್ಲಿ ಮತ್ತೆ ರಕ್ತಕ್ಕೆ ಬಂದು ಹೊಟ್ಟೆಯೊಳಗಿನ ಮಗುವಿಗೆ ದಾಟುತ್ತದೆ.

ಶಾಲೆಯೋ ಮನೆಯೋ ಎಂದು ತಿಳಿಯಲು ಸರಳ ದಾರಿಯೊಂದಿದೆ. ನಿಮ್ಮ ಮಗಳ ತರಗತಿಯ ಇನ್ನೂ ನಾಲ್ಕೈದು ಮಕ್ಕಳ, ಅದರಲ್ಲೂ ತಂದೆ ತಾಯಿ ಇಂಥ ಕೆಲಸದಲ್ಲಿಲ್ಲದ ಮಕ್ಕಳ, ರಕ್ತ ಪರೀಕ್ಷೆಯಾಗಲಿ. ಅವರಲ್ಲೂ ಸೀಸ ಹೆಚ್ಚಿದ್ದರೆ ಬೆರಳು ಶಾಲೆಯತ್ತ ತೋರುತ್ತದೆ, ಇಲ್ಲದಿದ್ದರೆ ಮನೆಯತ್ತ. ನೀವು ಓದಿದ ಚೀನಾದ ಪ್ರಕರಣದಲ್ಲೂ ಸತ್ಯ ಹೊರಬಿದ್ದದ್ದು ಹೆಚ್ಚು ಕಡಿಮೆ ಹೀಗೆ. ಗನ್ಸು ಪ್ರಾಂತ್ಯದ ತಿಯಾನ್‌ಶುಯಿ ನಗರದಲ್ಲಿ ಮಕ್ಕಳ ಹೊಟ್ಟೆನೋವು, ಹಸಿವಿಲ್ಲದಿರುವುದು, ಬಿಳಿಚಿಕೊಂಡ ಮುಖಗಳಿಂದ ಸಂಶಯಗೊಂಡ ಪೋಷಕರು ಅವರನ್ನು ನೆರೆಯ ಪ್ರಾಂತ್ಯದ ಶಿಯಾನ್ ನಗರಕ್ಕೆ ಕರೆದೊಯ್ದು ಪರೀಕ್ಷೆ ಮಾಡಿಸಿದರು. 2025ರ ಜುಲೈಯಲ್ಲಿ ಅಧಿಕಾರಿಗಳು ಪ್ರಕಟಿಸಿದಂತೆ ಪರೀಕ್ಷೆಗೊಳಗಾದ 251 ಮಕ್ಕಳಲ್ಲಿ 233 ಮಂದಿಯ ರಕ್ತದಲ್ಲಿ ಸೀಸ ಮಿತಿ ಮೀರಿತ್ತು. ತಿಂಡಿಗಳು ಚೆಂದ ಕಾಣಲೆಂದು ಅಡುಗೆಗೆ ತಿನ್ನಬಾರದ ಚಿತ್ರಕಲೆಯ ಬಣ್ಣವನ್ನು ಬೆರೆಸಲಾಗಿತ್ತು. ಖರ್ಜೂರದ ತಿಂಡಿಯಲ್ಲಿ ಕಿಲೋಗ್ರಾಮಿಗೆ 1052 ಮಿಲಿಗ್ರಾಂ, ಸಾಸೇಜಿನ ಸುರುಳಿಯಲ್ಲಿ 1340 ಮಿಲಿಗ್ರಾಂ ಸೀಸ ಸಿಕ್ಕಿತು. ಅಲ್ಲಿನ ಮಿತಿ 0.5 ಮಿಲಿಗ್ರಾಂ. ಒಂದೇ ಶಾಲೆಯ ಇಷ್ಟು ಮಕ್ಕಳಲ್ಲಿ ಒಟ್ಟಿಗೆ ಏರಿದ್ದರಿಂದಲೇ ಮೂಲ ಗೊತ್ತಾಯಿತು. ಒಬ್ಬೊಬ್ಬರೇ ಬೇರೆ ಬೇರೆ ವೈದ್ಯರ ಬಳಿ ಹೊಟ್ಟೆನೋವಿನ ಔಷಧಿ ತೆಗೆದುಕೊಂಡು ಮರಳಿದ್ದರೆ ಅದು ಬಹಳ ಕಾಲ ಕಾಣದೆ ಉಳಿಯುತ್ತಿತ್ತು.

ಆದ್ದರಿಂದ ಆಹಾರದ ಬಗ್ಗೆಯೂ ವಿಚಾರಿಸಿ, ಶಾಲೆಯಲ್ಲೂ ಮನೆಯಲ್ಲೂ. ನಮ್ಮಲ್ಲಿ ನಾನು ಮೊದಲು ಕೇಳುವುದು ಅರಿಶಿನವನ್ನು. ಬಣ್ಣ ಎದ್ದು ಕಾಣಲೆಂದು ಅರಿಶಿನದ ಕೊಂಬಿಗೆ ಸೀಸದ ಕ್ರೋಮೇಟ್ ಹಚ್ಚಿ ಪಾಲಿಶ್ ಮಾಡುವ ಕೆಟ್ಟ ಪದ್ಧತಿ ದಕ್ಷಿಣ ಏಷ್ಯಾದಲ್ಲಿ ಬಹಳ ಕಾಲದಿಂದ ಇದೆ. ಪುಡಿಗಿಂತ ಕೊಂಬು ಶುದ್ಧ ಎಂದು ನಂಬಿ ಕೊಂಬು ತಂದು ಬೀಸಿಸುವವರು ಇದನ್ನು ಗಮನಿಸಬೇಕು, ಬಣ್ಣ ಬಳಿಯುವುದು ಕೊಂಬಿಗೇ. ಬಾಂಗ್ಲಾದೇಶದ ಮಾರುಕಟ್ಟೆಗಳಲ್ಲಿ 2019ರಲ್ಲಿ ಶೇ 47ರಷ್ಟು ಅರಿಶಿನದ ಮಾದರಿಗಳಲ್ಲಿ ಸೀಸ ಪತ್ತೆಯಾಗಿತ್ತು. ಸರ್ಕಾರ, ಸಂಶೋಧಕರು ಸೇರಿ ವ್ಯಾಪಾರಿಗಳನ್ನು ಎಚ್ಚರಿಸಿ, ದಂಡ ವಿಧಿಸಿ, 2021ರ ಹೊತ್ತಿಗೆ ಅದನ್ನು ಸೊನ್ನೆಗೆ ಇಳಿಸಿದರು. ಎರಡೇ ವರ್ಷಗಳಲ್ಲಿ ಒಂದು ದೇಶ ಇದನ್ನು ಸಾಧಿಸಿತು ಎಂಬುದು ನನಗೆ ಬಹಳ ಧೈರ್ಯ ಕೊಡುವ ಸಂಗತಿ. ನೀವು ಮಾಡಬೇಕಾದದ್ದು ಇಷ್ಟು: ಕಣ್ಣು ಕುಕ್ಕುವ ಹಳದಿಯ ಬಿಡಿ ಅರಿಶಿನ ಬೇಡ, ಪರವಾನಗಿ ಸಂಖ್ಯೆ ಇರುವ ಪೊಟ್ಟಣ ಕೊಳ್ಳಿ. ಅರಿಶಿನದಲ್ಲಿ ಸೀಸಕ್ಕೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ ಹತ್ತು ಲಕ್ಷದಲ್ಲಿ 10 ಭಾಗ.

ಎರಡನೆಯದು ಪಾತ್ರೆ. ಹಿತ್ತಾಳೆ, ತಾಮ್ರದ ಪಾತ್ರೆಗೆ ಹಾಕುವ ಕಲಾಯಿಯ ತವರದಲ್ಲಿ ಸೀಸ ಬೆರೆತಿದ್ದರೆ ಹುಳಿ, ಸಾರು, ಮಜ್ಜಿಗೆಗಳು ಅದನ್ನು ಕರಗಿಸಿಕೊಳ್ಳುತ್ತವೆ. ಗುಜರಿ ಲೋಹ ಕರಗಿಸಿ ಎರಕ ಹೊಯ್ದ ಅಗ್ಗದ ಅಲ್ಯೂಮಿನಿಯಂ ಪಾತ್ರೆಗಳೂ ಹಾಗೆಯೇ. ಅಮೆರಿಕದ ಸಿಯಾಟಲ್ ಸುತ್ತಲಿನ ಕಿಂಗ್ ಕೌಂಟಿಯ ಆರೋಗ್ಯ ಇಲಾಖೆ ನಿರಾಶ್ರಿತ ಕುಟುಂಬಗಳ ಮಕ್ಕಳ ರಕ್ತದಲ್ಲಿ ಸೀಸ ಕಂಡು ಹುಡುಕಿದಾಗ ಸಿಕ್ಕಿದ್ದು ಇಂಥ ಅಲ್ಯೂಮಿನಿಯಂ ಕುಕ್ಕರು, ಬಾಣಲೆಗಳು. ಊರಿನಿಂದ ಪಾತ್ರೆ ಕೊಂಡೊಯ್ಯುವ ಹೊರದೇಶದ ಕನ್ನಡಿಗರಿಗೂ ಈ ಮಾತು ಸಲ್ಲುತ್ತದೆ. ಮಗುವಿನ ಅಡುಗೆಗೆ ಸ್ಟೇನ್‌ಲೆಸ್ ಸ್ಟೀಲ್ ಸಾಕು.

ಕಾಡಿಗೆ, ಕುಂಕುಮಗಳ ಬಗ್ಗೆ ಎರಡು ಮಾತು. ಹರಳೆಣ್ಣೆಯ ದೀಪದ ಮಸಿಯಿಂದ ಮನೆಯಲ್ಲಿ ಮಾಡುವ ಕಾಡಿಗೆಯಲ್ಲಿ ಸೀಸವಿಲ್ಲ. ಕಲ್ಲು ಅರೆದು ಮಾಡುವ ಸುರ್ಮಾದಲ್ಲಿ ಬಹುಪಾಲು ಸೀಸದ ಸಲ್ಫೈಡೇ ಇರಬಹುದು. ಅರಿಶಿನಕ್ಕೆ ಸುಣ್ಣ ಬೆರೆಸಿ ಮಾಡಿದ ಕುಂಕುಮ ಬೇರೆ, ಆಂಜನೇಯನಿಗೆ ಬಳಿಯುವ ಕಿತ್ತಳೆಗೆಂಪಿನ ಸಿಂಧೂರ ಬೇರೆ. ಎರಡನೆಯದರಲ್ಲಿ ಸೀಸದ ಆಕ್ಸೈಡ್ ಇರುವುದುಂಟು. ಅದನ್ನು ಮಗುವಿನ ಹಣೆಗೆ ಇಡಬೇಡಿ.

ಶಾಲೆ ಬಿಡಿಸಬೇಕೇ ಎಂದು ಕೇಳಿದ್ದೀರಿ. ಒದ್ದೆ ಸ್ವಚ್ಛತೆ ಸಂಪೂರ್ಣವಾಗಿ ಮುಗಿಯುವವರೆಗೆ ಕಳಿಸಬೇಡಿ, ಆಮೇಲೆ ಕಳಿಸಿ ಎಂಬುದು ನನ್ನ ಸಲಹೆ. ಒಂದೇ ಸಲಕ್ಕೆ ಬಿಡಿಸಿ ಇನ್ನೊಂದು ಶಾಲೆಗೆ ಸೇರಿಸಿದರೆ ಆ ಶಾಲೆಯ ಸರಳುಗಳಿಗೆ ಯಾವ ಬಣ್ಣವಿದೆ ಎಂಬುದೂ ನಿಮಗೆ ತಿಳಿದಿರುವುದಿಲ್ಲ, ಇಲ್ಲಿರುವ ಉಳಿದ ಮಕ್ಕಳ ಪಾಡೂ ಹಾಗೇ ಉಳಿಯುತ್ತದೆ. ಮುಖ್ಯೋಪಾಧ್ಯಾಯಿನಿಯನ್ನು ಕಂಡು, ಸಾಧ್ಯವಾದರೆ ಬೇರೆ ಇಬ್ಬರು ಮೂವರು ಪೋಷಕರೊಂದಿಗೆ, ಬಳಸಿದ ಬಣ್ಣದ ಡಬ್ಬಿಯನ್ನು ಅಥವಾ ಬಿಲ್ಲನ್ನು ತೋರಿಸಲು ಕೇಳಿ. ಬಣ್ಣದ ಚಕ್ಕೆಯನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷಿಸಬಹುದು. ಚಾಪೆ, ಬಟ್ಟೆಯ ಗೊಂಬೆಗಳನ್ನು ಒಗೆಯಬೇಕು, ಇಲ್ಲವೇ ತೆಗೆದುಹಾಕಬೇಕು. ನೆಲ, ಕಿಟಕಿಯ ದಂಡೆ, ಆಟದ ಸಾಮಾನುಗಳನ್ನು ಸೋಪುನೀರಿನಿಂದ ಒರೆಸಿ, ನೀರು ಬದಲಿಸಿ ಮತ್ತೊಮ್ಮೆ ಒರೆಸಬೇಕು, ಪೊರಕೆ ಬಳಸುವಂತಿಲ್ಲ. ಊಟಕ್ಕೆ ಮೊದಲು ಮತ್ತು ಆಟದ ನಂತರ ಮಕ್ಕಳ ಕೈಗಳನ್ನು ಸೋಪು ಹಚ್ಚಿ ತೊಳೆಸಬೇಕು. ಮುಂದೆ ಬಣ್ಣದ ಕೆಲಸವೆಲ್ಲ ರಜೆಯಲ್ಲಿ, ನೀರು ಚಿಮುಕಿಸಿ ಉಜ್ಜಿ, ಕೆಳಗೆ ಪ್ಲಾಸ್ಟಿಕ್ ಹಾಸಿ ಆಗಬೇಕು. ಶಿಕ್ಷಕಿಯರೂ ಆಯಾಗಳೂ ಇದೇ ದೂಳಿನಲ್ಲಿ ದಿನವಿಡೀ ಇರುವವರು. ಅವರ ಆರೋಗ್ಯವೂ ಇದರಲ್ಲಿ ಸೇರಿದೆ ಎಂದು ತಿಳಿಸಿದರೆ ಮಾತುಕತೆ ಜಗಳವಾಗದೆ ಮುಂದುವರಿಯುತ್ತದೆ.

ನಾವು ಒಂದು ಸಮಾಜವಾಗಿ ಕೇಳಬೇಕಾದ ಪ್ರಶ್ನೆಯೂ ಇಲ್ಲಿದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಕಿಡ್ಡೀ ಕಾಲೇಜ್ ಎಂಬ ಶಿಶುಪಾಲನಾ ಕೇಂದ್ರ ನಡೆಯುತ್ತಿದ್ದದ್ದು ಹಿಂದೆ ಥರ್ಮಾಮೀಟರ್ ಕಾರ್ಖಾನೆಯಾಗಿದ್ದ ಕಟ್ಟಡದಲ್ಲಿ. 2006ರಲ್ಲಿ ಒಳಗಿನ ಗಾಳಿಯಲ್ಲಿ ಪಾದರಸದ ಆವಿ ಪತ್ತೆಯಾಗಿ ಕೇಂದ್ರ ಮುಚ್ಚಿದಾಗ, ಪರೀಕ್ಷಿಸಿದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರ ದೇಹದಲ್ಲಿ ಪಾದರಸ ಹೆಚ್ಚಿತ್ತು. ಮರುವರ್ಷವೇ ಆ ರಾಜ್ಯ, ಪರವಾನಗಿ ಕೊಡುವ ಮೊದಲು ಕಟ್ಟಡದ ಹಿಂದಿನ ಬಳಕೆಯನ್ನೂ ಪರಿಸರವನ್ನೂ ಪರಿಶೀಲಿಸಬೇಕೆಂಬ ಕಾನೂನು ಮಾಡಿತು. ಕರ್ನಾಟಕದಲ್ಲಿ 60 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ, ಅವುಗಳಲ್ಲಿ ಅನೇಕವು ಬಾಡಿಗೆ ಕೋಣೆಗಳಲ್ಲಿವೆ. ಖಾಸಗಿ ಶಿಶುವಿಹಾರಗಳು ಬೀದಿಗೊಂದು. ಇಲ್ಲಿ ಮೊದಲು ಏನಿತ್ತು, ಪಕ್ಕದಲ್ಲಿ ಯಾವ ಕೆಲಸ ನಡೆಯುತ್ತದೆ, ಕುಡಿಯುವ ನೀರು ಎಲ್ಲಿಂದ ಎಂದು ಕೇಳುವುದು ಕಟ್ಟಡಕ್ಕೆ ಶೌಚಾಲಯವಿದೆಯೇ ಎಂದು ಕೇಳುವಷ್ಟೇ ಸಹಜವಾಗಬೇಕು. ನೀರಿನ ಮಾತು ರಾಯಚೂರು, ಯಾದಗಿರಿ ಕಡೆಯ ಓದುಗರಿಗೆ ಇನ್ನೂ ಹತ್ತಿರದ್ದು. ಹಳೆಯ ಚಿನ್ನದ ಗಣಿಯ ಸಮೀಪವಿರುವ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿಯ ನೀರಿನ ಆರ್ಸೆನಿಕ್‌ನಿಂದ ಜನರ ಅಂಗೈ, ಅಂಗಾಲುಗಳಲ್ಲಿ ಗಂಟುಗಳೆದ್ದದ್ದು ದಾಖಲಾಗಿದೆ. ಅಂಥ ನೀರನ್ನು ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ, ನೀರು ಆವಿಯಾದಂತೆ ಇನ್ನಷ್ಟು ಗಾಢವಾಗುತ್ತದೆ. ಆ ಭಾಗದ ಅಂಗನವಾಡಿಗಳ ನೀರಿನಲ್ಲಿ ಆರ್ಸೆನಿಕ್ ಪರೀಕ್ಷೆಯಾಗಬೇಕು. ಲೀಟರಿಗೆ 0.01 ಮಿಲಿಗ್ರಾಂ ಭಾರತೀಯ ಮಾನಕದ ಮಿತಿ.

ನಮಗೆ ಇದು ಹೊಸ ವಿಷಯವೇನೂ ಅಲ್ಲ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಷನ್ ಏಳು ನಗರಗಳಲ್ಲಿ ನಡೆಸಿದ ತಪಾಸಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ರಕ್ತದಲ್ಲಿ 10ಕ್ಕೂ ಮೀರಿದ ಸೀಸ ಕಂಡಿತ್ತು; ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಆ ಹೋರಾಟದ ಮುಂಚೂಣಿಯಲ್ಲಿದ್ದರು. 2000ದ ಹೊತ್ತಿಗೆ ಪೆಟ್ರೋಲಿನಿಂದ ಸೀಸ ಹೋಯಿತು. ಉಳಿದ ಮೂಲಗಳು ನಮ್ಮ ಮನೆ, ಶಾಲೆ, ಅಂಗಡಿಗಳೊಳಗೆ ಉಳಿದುಕೊಂಡಿವೆ.

ಕೊನೆಗೆ ಔಷಧಿ. ರಕ್ತದ ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಔಷಧಿಗಳಿವೆ, ಅವನ್ನು ಮಕ್ಕಳಿಗೆ ಕೊಡುವುದು 45 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿನ ಮಟ್ಟದಲ್ಲಿ, ವೈದ್ಯರ ನಿಗಾದಲ್ಲಿ. ಅಮೆರಿಕದಲ್ಲಿ 20ರಿಂದ 44ರ ನಡುವಿನ ಸೀಸವಿದ್ದ 780 ಮಕ್ಕಳ ಮೇಲೆ ನಡೆದ, 2001ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸಕ್ಸಿಮರ್ ಎಂಬ ಔಷಧಿ ರಕ್ತದ ಸೀಸವನ್ನು ಇಳಿಸಿತು, ಆದರೆ ಮಕ್ಕಳ ಬುದ್ಧಿಶಕ್ತಿಯ ಅಂಕಗಳಲ್ಲಿ ಸುಧಾರಣೆ ತರಲಿಲ್ಲ. 8.2ಕ್ಕೆ ಅದರ ಅಗತ್ಯವಿಲ್ಲ. ವಿಷ ಇಳಿಸುವ ಪುಡಿಯಂತೂ ಖಂಡಿತ ಬೇಡ. ಅದರಲ್ಲಿ ಏನಿದೆ ಎಂದು ನಿಮಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿರಲಾರದು. ನಾಗಭಸ್ಮ ಎಂಬುದು ಸೀಸದಿಂದಲೇ ತಯಾರಾಗುವ ಭಸ್ಮ ಎಂಬುದನ್ನು ನೆನಪಿಡಿ. ಕೂದಲಿನ ಪರೀಕ್ಷೆ ಮಾಡಿ ಚಿಕಿತ್ಸೆ ಹೇಳುವವರನ್ನೂ ನಂಬಬೇಡಿ.

ನಿಮ್ಮ ಮಗಳಿಗೆ ಈಗ ಬೇಕಾದ ಔಷಧಿ ಕಬ್ಬಿಣಾಂಶದ್ದು. ಮಕ್ಕಳ ವೈದ್ಯರು ಅವಳ ತೂಕ ನೋಡಿ, ಬೇಕಿದ್ದರೆ ದೇಹದ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ, ಪ್ರಮಾಣ ನಿರ್ಧರಿಸುತ್ತಾರೆ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಕೆಲವು ತಿಂಗಳು ಮುಂದುವರಿಸಬೇಕಾಗುತ್ತದೆ. ಕಬ್ಬಿಣದ ಔಷಧಿಯನ್ನು ಹಾಲಿನೊಂದಿಗೆ ಕೊಡಬೇಡಿ. ನೆಲ್ಲಿಕಾಯಿ, ಸೀಬೆ, ಕಿತ್ತಳೆಯೊಂದಿಗೆ ಕೊಟ್ಟರೆ ಚೆನ್ನಾಗಿ ಮೈಗೆ ಹತ್ತುತ್ತದೆ. ಚಹಾ ಅಭ್ಯಾಸವಿದ್ದರೆ ಬಿಡಿಸಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಶಾಲೆಗೆ ಕಳಿಸಬೇಡಿ, ಹಸಿದ ಹೊಟ್ಟೆ ಸೀಸವನ್ನು ಹೆಚ್ಚು ಹೀರುತ್ತದೆ. ರಾಗಿಯ ಅಂಬಲಿಯೋ ದೋಸೆಯೋ, ಮೊಟ್ಟೆ, ನುಗ್ಗೆಸೊಪ್ಪು, ಕಾಳುಗಳ ಪಲ್ಯ, ಬೇರೆ ಹೊತ್ತಿನಲ್ಲಿ ಹಾಲು ಮೊಸರು ಸಾಕು. ಇವಕ್ಕೆ ಸೀಸವನ್ನು ಓಡಿಸುವ ಶಕ್ತಿಯಿಲ್ಲ, ಒಳಬರುವುದನ್ನು ಕಡಿಮೆ ಮಾಡುವ ಶಕ್ತಿಯಿದೆ.

ಮೂರು ತಿಂಗಳೊಳಗೆ ಮತ್ತೆ ಪರೀಕ್ಷೆ ಮಾಡಿಸಿ, ಬೆರಳು ಚುಚ್ಚಿ ಅಲ್ಲ, ತೋಳಿನ ರಕ್ತನಾಳದಿಂದ. ಚರ್ಮದ ಮೇಲಿರುವ ಸೀಸದ ದೂಳು ಬೆರಳಿನ ಹನಿಗೆ ಸೇರಿ ಅಂಕಿಯನ್ನು ಸುಳ್ಳಾಗಿ ಏರಿಸಬಹುದು. ಮೊದಲ ಪರೀಕ್ಷೆಯೂ ಬೆರಳಿನದ್ದೇ ಆಗಿದ್ದರೆ ಮೂರು ತಿಂಗಳು ಕಾಯದೆ ಈಗಲೇ ಖಚಿತಪಡಿಸಿಕೊಳ್ಳಿ. ರಕ್ತದಲ್ಲಿನ ಸೀಸ ಅರ್ಧವಾಗಲು ಸುಮಾರು ಒಂದು ತಿಂಗಳು ಸಾಕೆಂದು ಪುಸ್ತಕಗಳು ಹೇಳುತ್ತವೆ. ಆದರೆ ಎಲುಬಿನಲ್ಲಿ ವರ್ಷಗಟ್ಟಲೆ ಕೂತಿರುವುದು ನಿಧಾನವಾಗಿ ರಕ್ತಕ್ಕೆ ಮರಳುವುದರಿಂದ ಅಂಕಿ ಅಷ್ಟು ಬೇಗ ಇಳಿಯದಿರಬಹುದು. 6 ಎಂದು ಬಂದರೆ ನೀವು ಸರಿಯಾದ ಮೂಲಕ್ಕೆ ಕೈ ಹಾಕಿದ್ದೀರಿ ಎಂದೇ ತಿಳಿಯಿರಿ. ಏರಿದ್ದರೆ ಯಾವುದೋ ಮೂಲ ಇನ್ನೂ ತಪ್ಪಿಹೋಗಿದೆ, ಹುಡುಕಾಟ ಮತ್ತೆ ಮೊದಲಾಗಬೇಕು. ಈ ನಡುವೆ ಪದೇ ಪದೇ ವಾಂತಿ, ತೂಕಡಿಕೆ, ನಡಿಗೆಯಲ್ಲಿ ತಡವರಿಕೆ, ಸೆಳವು ಕಂಡುಬಂದರೆ ಮರುಪರೀಕ್ಷೆಯ ದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ, ಹಿಂದಿನ ಸೀಸದ ವರದಿಯನ್ನು ಜೊತೆಗೆ ಒಯ್ಯಿರಿ.